ಸ್ಟೆಫಾನ್ ಪಂಚಕ ನನ್ನ ಎಂಟಿಂಚಿನ ಟೆಲಿಸ್ಕೋಪಿಗೆ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ ತಾರಸಿಯಿಂದ ಆಕಾಶ ನೋಡುತ್ತೇನೆ. 8 ಇಂಚಿನ ಡಾಬ್ಸೋನಿಯನ್ (ತಿರುಗುವ ಬುಡದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್) ಇದೆ, ಫೋಕಲ್ ಲೆಂತ್ 1200 ಮಿ.ಮೀ., ಜೊತೆಗೆ 25 ಮತ್ತು 10 ಮಿ.ಮೀ. ಐಪೀಸ್‌ಗಳು. ಶನಿಯ ಬಳೆ, ಗುರುವಿನ ಪಟ್ಟೆಗಳು ಸೊಗಸಾಗಿ ಕಾಣುತ್ತವೆ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ತೆಗೆದ ಸ್ಟೆಫಾನ್ ಪಂಚಕದ, ಅಂದರೆ ಐದು ಗ್ಯಾಲಕ್ಸಿಗಳ ಗುಂಪಿನ, ಚಿತ್ರ ನೋಡಿದ ಮೇಲೆ ಅದನ್ನು ನನ್ನ ಕಣ್ಣಿನಿಂದಲೇ ನೋಡಬೇಕೆಂಬ ಆಸೆ. ಮೊಬೈಲ್ ಆ್ಯಪ್ ತೋರಿಸಿದ ಕಡೆಗೆ ತಿರುಗಿಸಿದರೆ ಬರೀ ಬೂದು ಆಕಾಶ. ಅವುಗಳ ಕಾಂತಿಮಾನ 13 ಎಂದು ಆ್ಯಪ್ ಹೇಳುತ್ತದೆ, ನನ್ನ ಟೆಲಿಸ್ಕೋಪಿಗೆ 14ರವರೆಗೂ ಕಾಣುತ್ತದೆ ಎಂದು ಪೆಟ್ಟಿಗೆಯ ಮೇಲಿದೆ. ಟಾರ್ಚ್ ಬಿಟ್ಟು ನೋಡಿದರೆ ಕನ್ನಡಿಯ ತುಂಬ ಧೂಳು. ಒರೆಸಲೇ? ಬೆಳಕು ಮಾಲಿನ್ಯದ ಫಿಲ್ಟರ್ ಹಾಕಲೇ? ಇದನ್ನು ಮಾರಿ 12 ಇಂಚಿನದು ಅಥವಾ ಸ್ಮಾರ್ಟ್ ಟೆಲಿಸ್ಕೋಪ್ ಕೊಳ್ಳಲೇ?

ಉತ್ತರ: ತುರ್ತಿನ ಮಾತು ಮೊದಲು. ಕನ್ನಡಿಯನ್ನು ಒರೆಸಬೇಡಿ. ಟಾರ್ಚನ್ನು ಓರೆಯಾಗಿ ಬಿಟ್ಟರೆ ಹೊಸ ಕನ್ನಡಿಯೂ ಗಾಬರಿ ಹುಟ್ಟಿಸುತ್ತದೆ. ತೆಳ್ಳಗೆ ಕೂತ ಧೂಳು ನುಂಗುವ ಬೆಳಕು ನಿಮ್ಮ ಕಣ್ಣಿಗೆ ಗೊತ್ತಾಗುವಷ್ಟಿರುವುದಿಲ್ಲ. ಬಟ್ಟೆಯಿಂದ ಒರೆಸಿದರೆ ಅದೇ ಧೂಳಿನ ಕಣಗಳು ಅಲ್ಯೂಮಿನಿಯಂ ಲೇಪನದ ಮೇಲೆ ಗೀರು ಎಳೆಯುತ್ತವೆ, ಮತ್ತೆ ಲೇಪನ ಮಾಡಿಸದ ಹೊರತು ಅವು ಹೋಗುವುದಿಲ್ಲ. ಎಣ್ಣೆ ಜಿಡ್ಡೋ ಬೂಷ್ಟೋ ಹಿಡಿದಿದ್ದರೆ ಮಾತ್ರ ಕನ್ನಡಿಯನ್ನು ಬಿಚ್ಚಿ ತೊಳೆಯಿರಿ. ಉಂಗುರ, ಗಡಿಯಾರ ತೆಗೆದಿಟ್ಟು, ನಲ್ಲಿಯ ಕೆಳಗೆ ಹಿಡಿದು ಹರಿಯುವ ನೀರಿನಲ್ಲೇ ಮರಳು, ಧೂಳು ಹೋಗಲು ಬಿಡಿ. ಆಮೇಲೆ ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ನೀರಿನಲ್ಲಿ ನೆನೆಸಿ, ಹತ್ತಿಯ ಉಂಡೆಯನ್ನು ಅದರದ್ದೇ ಭಾರದಲ್ಲಿ ಒಂದೇ ದಿಕ್ಕಿಗೆ ಎಳೆದು ಎಸೆಯಿರಿ. ಒಂದು ಉಂಡೆಗೆ ಒಂದೇ ಎಳೆತ. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು, ಏಕೆಂದರೆ ನಮ್ಮ ಬೋರ್‌ವೆಲ್ ನೀರು ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಕಲೆ ಉಳಿಸುತ್ತದೆ. ನಿಮ್ಮ ವಿವರಣೆ ಓದಿದರೆ ಇದ್ಯಾವುದೂ ಈಗ ಬೇಕಿಲ್ಲ. ಗುರುವಿನ ಪಟ್ಟೆಗಳನ್ನು ಬಿಡಿಸಿ ತೋರಿಸುವ ಕನ್ನಡಿ ಕಳಪೆಯೂ ಅಲ್ಲ, ಕೊಳಕೂ ಅಲ್ಲ.

ಎಡವಟ್ಟಾಗಿರುವುದು 13 ಎಂಬ ಆ ಅಂಕಿಯನ್ನು ಓದಿದ ರೀತಿಯಲ್ಲಿ. (ಕಾಂತಿಮಾನದ ಅಂಕಿ ದೊಡ್ಡದಾದಷ್ಟೂ ವಸ್ತು ಮಂಕು.) ಪೆಟ್ಟಿಗೆಯ ಮೇಲಿನ 14 ನಕ್ಷತ್ರಗಳಿಗೆ ಹೇಳಿದ್ದು, ಅದೂ ಕಗ್ಗತ್ತಲ ಊರಿನಲ್ಲಿ. ನಕ್ಷತ್ರ ಒಂದು ಚುಕ್ಕಿ, ಗ್ಯಾಲಕ್ಸಿಗೆ ಅಗಲವಿದೆ. ಒಂದು ಚಿಟಿಕೆ ರಂಗೋಲಿ ಪುಡಿಯನ್ನು ಒಂದೇ ಕಡೆ ಇಟ್ಟರೆ ಎದ್ದು ಕಾಣುತ್ತದೆ, ಅದೇ ಚಿಟಿಕೆಯನ್ನು ಅಂಗಳದ ತುಂಬ ಉದುರಿಸಿದರೆ ಕಾಣುವುದಿಲ್ಲ. ಆ್ಯಪ್ ಹೇಳುವುದು ಚಿಟಿಕೆಯ ಒಟ್ಟು ಲೆಕ್ಕ.

ಪಂಚಕದಲ್ಲಿ ಹೆಚ್ಚು ಪ್ರಕಾಶದ ಎನ್‌ಜಿಸಿ 7320 ಅನ್ನೇ ತೆಗೆದುಕೊಳ್ಳಿ (ಎನ್‌ಜಿಸಿ ಎಂಬುದು ಗ್ಯಾಲಕ್ಸಿ, ನೆಬ್ಯುಲಾಗಳ ಪಟ್ಟಿಯೊಂದರ ಹೆಸರು). ಒಟ್ಟು ಕಾಂತಿಮಾನ ಸುಮಾರು 12.6, ಅಳತೆ ಸುಮಾರು 2.2ಕ್ಕೆ 1.1 ಆರ್ಕ್‌ಮಿನಿಟ್. (ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು, ಅದರ ಅರವತ್ತರಲ್ಲಿ ಒಂದು ಪಾಲು ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲ 30 ಆರ್ಕ್‌ಮಿನಿಟ್.) ಆ ಬೆಳಕನ್ನು ಅಷ್ಟು ಜಾಗಕ್ಕೆ ಹಂಚಿದರೆ ಒಂದು ಚದರ ಆರ್ಕ್‌ಸೆಕೆಂಡಿಗೆ ಸಿಗುವುದು ಸುಮಾರು 22.2 ಕಾಂತಿಮಾನ. ದೊಡ್ಡ ನಗರದ ನಡುವಿನ ಆಕಾಶದ ಹಿನ್ನೆಲೆಯೇ 18ರ ಆಸುಪಾಸಿನಲ್ಲಿರುತ್ತದೆ. ಅಂದರೆ ಗ್ಯಾಲಕ್ಸಿ ಇರುವ ಜಾಗ ಇಲ್ಲದ ಜಾಗಕ್ಕಿಂತ ಶೇ. 2ರಷ್ಟು ಮಾತ್ರ ಬೆಳಗಿರುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ಇಂಥ ಪುಟ್ಟ ಮಸುಕಿನಲ್ಲಿ ಕಣ್ಣಿಗೆ ಹತ್ತುವುದಿಲ್ಲ. ಹಿನ್ನೆಲೆ 21.3ರಷ್ಟಿರುವ ಒಳ್ಳೆಯ ಹಳ್ಳಿಯ ಆಕಾಶದಲ್ಲಿ ಅದೇ ವ್ಯತ್ಯಾಸ ಶೇ. 40 ದಾಟುತ್ತದೆ. ಗ್ಯಾಲಕ್ಸಿಯ ನಡುಭಾಗ ಅಂಚಿಗಿಂತ ಪ್ರಕಾಶಮಾನವಾದ್ದರಿಂದ ಇದು ಒರಟು ಲೆಕ್ಕವೇ ಸರಿ, ಆದರೂ ನಿಮ್ಮ ತಾರಸಿಗೂ ಹಳ್ಳಿಯ ಹೊಲಕ್ಕೂ ಇರುವ ಅಂತರ ಇದರಿಂದ ಗೊತ್ತಾಗುತ್ತದೆ.

ಇಷ್ಟು ತಿಳಿದರೆ ನಿಮ್ಮ ಖರೀದಿ ಪಟ್ಟಿಯಲ್ಲಿ ಎರಡು ತಾವಾಗಿಯೇ ಉದುರುತ್ತವೆ. 12 ಇಂಚಿನ ಕನ್ನಡಿ ಗ್ಯಾಲಕ್ಸಿಯ ಬೆಳಕನ್ನು ನಿಮ್ಮದಕ್ಕಿಂತ 2.25 ಪಟ್ಟು ಹೆಚ್ಚು ಹಿಡಿಯುತ್ತದೆ, ನಗರದ ಬೆಳಕನ್ನೂ ಅಷ್ಟೇ ಹೆಚ್ಚು ಹಿಡಿಯುತ್ತದೆ, ಶೇ. 2 ಅಲ್ಲೇ ಉಳಿಯುತ್ತದೆ. ಫಿಲ್ಟರ್ ವಿಷಯಕ್ಕೆ ಬಂದರೆ, ಯುಎಚ್‌ಸಿ, ಓ-3 ಮಾದರಿಯವು ನೆಬ್ಯುಲಾ ಅನಿಲಗಳು ಹೊಮ್ಮಿಸುವ ಕೆಲವೇ ಬಣ್ಣಗಳನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತವೆ. ಗ್ಯಾಲಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ, ಹಾಗಾಗಿ ಫಿಲ್ಟರ್ ಮೊದಲು ಕೊಲ್ಲುವುದು ಅದನ್ನೇ. ‘ಲೈಟ್ ಪೊಲ್ಯೂಷನ್’ ಎಂದು ಬರೆದ ಅಗಲ ಪಟ್ಟಿಯ ಫಿಲ್ಟರ್‌ಗಳು ಹಳದಿ ಸೋಡಿಯಂ ಬೀದಿದೀಪಗಳ ಕಾಲದಲ್ಲಿ ಅಷ್ಟಿಷ್ಟು ಕೆಲಸ ಮಾಡುತ್ತಿದ್ದವು. ಬಿಳಿ ಎಲ್‌ಇಡಿಯ ಬೆಳಕೂ ಎಲ್ಲ ಬಣ್ಣಗಳಲ್ಲಿ ಹರಡಿರುವುದರಿಂದ ಅದನ್ನು ಬೇರ್ಪಡಿಸಿ ಸೋಸಲು ಬರುವುದಿಲ್ಲ.

ಇನ್ನೊಂದು ತಪ್ಪು ನಂಬಿಕೆ ಆ್ಯಪ್‌ನ ಮೇಲಿನದು. ಮೊಬೈಲಿನ ದಿಕ್ಸೂಚಿ ತಾರಸಿಯ ಕಬ್ಬಿಣದ ಸರಳು, ನೀರಿನ ಟ್ಯಾಂಕಿನ ಸ್ಟ್ಯಾಂಡಿನ ಬಳಿ 10 ಡಿಗ್ರಿ ತಪ್ಪಿದರೆ ಆಶ್ಚರ್ಯವಿಲ್ಲ. ಪಂಚಕ ನಮ್ಮೂರಿನಲ್ಲಿ ಅತಿ ಎತ್ತರಕ್ಕೆ ಬಂದಾಗ 69 ಡಿಗ್ರಿ ಮೇಲಿರುತ್ತದೆ. ಆ ಎತ್ತರದಲ್ಲಿ ದಿಕ್ಕಿನ 10 ಡಿಗ್ರಿ ತಪ್ಪು ಆಕಾಶದಲ್ಲಿ ಮೂರೂವರೆ ಡಿಗ್ರಿಯಷ್ಟಾಗುತ್ತದೆ. ನಿಮ್ಮ 25 ಮಿ.ಮೀ. ಐಪೀಸ್ ತೋರಿಸುವ ವೃತ್ತದ ಅಗಲವೇ ಸುಮಾರು ಒಂದು ಡಿಗ್ರಿ. ನೀವು ಪಂಚಕ ಇರುವ ಜಾಗವನ್ನು ಇದುವರೆಗೆ ನೋಡಿಯೇ ಇಲ್ಲದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಹಾಗಾದರೆ 8 ಇಂಚಿಗೆ ಪಂಚಕ ಸಾಧ್ಯವೇ ಇಲ್ಲವೇ? ಸಾಧ್ಯ. ಆದರೆ ಅಲ್ಲಿಂದ ಶುರು ಮಾಡುವುದು ತಪ್ಪು. 1982ರಲ್ಲಿ ಪಾಲ್ ಹಿಕ್ಸನ್ ಎಂಬ ಖಗೋಳವಿಜ್ಞಾನಿ ಇಂಥ ಒತ್ತೊತ್ತಾದ 100 ಗುಂಪುಗಳ ಪಟ್ಟಿ ಮಾಡಿದರು. ಗುಂಪಿನಲ್ಲಿ ಕಡೇಪಕ್ಷ ನಾಲ್ಕು ಗ್ಯಾಲಕ್ಸಿಗಳಿರಬೇಕು, ಅವುಗಳ ಕಾಂತಿ ತೀರಾ ಹೆಚ್ಚುಕಡಿಮೆ ಇರಬಾರದು, ಸುತ್ತಮುತ್ತ ಖಾಲಿ ಇರಬೇಕು ಎಂಬುದು ಅವರ ಕಟ್ಟಳೆ. ನಿಮ್ಮ ಪಂಚಕ ಅದರಲ್ಲಿ 92ನೆಯದು. ನಾನು ನಿಮಗೆ ಹೇಳುವುದು 44ನೆಯದನ್ನು. ಅದು ಸಿಂಹ ರಾಶಿಯಲ್ಲಿದೆ, ಅದರ ಎರಡು ಸದಸ್ಯರು 11ರ ಆಸುಪಾಸಿನ ಕಾಂತಿಮಾನದವರು, ಹುಡುಕುವುದು ಮಕ್ಕಳಾಟ, ಮೇಲಾಗಿ ಬೆಂಗಳೂರಿನ ಸುತ್ತ ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲೇ ನೆತ್ತಿಗೆ ಬರುತ್ತದೆ.

ಪಂಚಕಕ್ಕೆ ಈ ಕೊನೆಯ ಅನುಕೂಲ ಇಲ್ಲ. ಅದು ಅಕ್ಟೋಬರ್ ಮೂರನೇ ವಾರದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಅತಿ ಎತ್ತರದಲ್ಲಿರುತ್ತದೆ. ಆಗ ಹಿಂಗಾರು ಮೋಡ. ಮೋಡ ಬಿಟ್ಟುಕೊಟ್ಟ ಅಮಾವಾಸ್ಯೆ ದೀಪಾವಳಿಯದಾದರೆ ಪಟಾಕಿ ಹೊಗೆ. ನಿಜವಾಗಿ ಕೈಗೆ ಸಿಗುವುದು ಅದರ ಮುಂದಿನ ಕಾರ್ತಿಕ ಅಮಾವಾಸ್ಯೆಯ ಆಜುಬಾಜು. ಡಿಸೆಂಬರ್ ಮೊದಲ ವಾರದಲ್ಲಿ ಸಂಜೆ ಏಳೂವರೆಗೆ ಪಂಚಕ ಪಶ್ಚಿಮಕ್ಕೆ ವಾಲಿದ್ದರೂ ಇನ್ನೂ 55 ಡಿಗ್ರಿಗಿಂತ ಮೇಲಿರುತ್ತದೆ. ಕತ್ತಲಾದ ಕೂಡಲೇ ಶುರು ಮಾಡಿ ಒಂಬತ್ತರೊಳಗೆ ಮುಗಿಸಬೇಕು. ತಿಥಿಯ ಲೆಕ್ಕದಲ್ಲಿ ಕೃಷ್ಣ ಪಕ್ಷದ ದಶಮಿಯಿಂದ ಶುಕ್ಲ ಬಿದಿಗೆಯವರೆಗೆ ಚಂದ್ರನ ಕಾಟವಿಲ್ಲ.

ಸಿಂಹದ ಗುಂಪು ಫೆಬ್ರುವರಿ ಕೊನೆಯಲ್ಲಿ ನಡುರಾತ್ರಿಗೆ, ಮಾರ್ಚ್ ಕೊನೆಯಲ್ಲಿ ಹತ್ತು ಕಾಲು ಗಂಟೆ ಸುಮಾರಿಗೆ ನೆತ್ತಿಯ ಬಳಿ ಬರುತ್ತದೆ. ಶಿವರಾತ್ರಿ ಕೃಷ್ಣ ಚತುರ್ದಶಿ, ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಪಂಚಾಂಗವೇ ನಿಮಗಾಗಿ ರಾತ್ರಿಗಳನ್ನು ಗುರುತು ಹಾಕಿಕೊಟ್ಟಂತಿದೆ. ಜಾಗರಣೆಗೆ ಇದಕ್ಕಿಂತ ಒಳ್ಳೆಯ ನೆಪ ಬೇರೆ ಇಲ್ಲ.

ಒಂದು ತೊಡಕಿದೆ. ಈ ಗುಂಪು ಇಲ್ಲಿ 81 ಡಿಗ್ರಿ ಎತ್ತರಕ್ಕೆ ಏರುತ್ತದೆ, ಡಾಬ್ಸೋನಿಯನ್ ಬುಡ ನೆತ್ತಿಯ ಬಳಿ ಮೊಂಡು ಹಿಡಿಯುತ್ತದೆ. ಕೊಳವೆ ನೆಟ್ಟಗೆ ನಿಂತಾಗ ಪಕ್ಕಕ್ಕೆ ಕೂದಲೆಳೆಯಷ್ಟು ಸರಿಸಬೇಕೆಂದರೂ ಬುಡವನ್ನು ಬಹಳ ತಿರುಗಿಸಬೇಕು. ಆದ್ದರಿಂದ ತುತ್ತತುದಿಗೆ ಬರುವ ಒಂದೂವರೆ ಗಂಟೆ ಮೊದಲು ನೋಡಿ. ಆಗ 67 ಡಿಗ್ರಿಯಷ್ಟು ಮೇಲಿರುತ್ತದೆ, ಟೆಲಿಸ್ಕೋಪ್ ಮಾತು ಕೇಳುತ್ತದೆ.

ಹುಡುಕುವ ಬಗೆ ಹೀಗೆ. ಮಘಾ ನಕ್ಷತ್ರದಿಂದ ಮೇಲೆದ್ದ, ಕುಡುಗೋಲಿನಾಕಾರದ ನಕ್ಷತ್ರಸಾಲಿನ ಬಾಗಿನಲ್ಲಿ ಎದ್ದು ಕಾಣುವ ಹಳದಿ ನಕ್ಷತ್ರ ಆಲ್ಜೀಬಾ. ಅದರಿಂದ ಉತ್ತರಕ್ಕೆ ಮುಂದಿನ ನಕ್ಷತ್ರ ಅಧಫೇರಾ. ಎರಡರ ನಡುವೆ ಸುಮಾರು ಮೂರೂವರೆ ಡಿಗ್ರಿ ಅಂತರ, ಗುಂಪು ಹೆಚ್ಚುಕಡಿಮೆ ಸರಿಯಾಗಿ ಮಧ್ಯದಲ್ಲಿದೆ. ಫೈಂಡರ್ ಅನ್ನು (ಗುರಿ ಹಿಡಿಯಲು ಕೊಳವೆಗೆ ಜೋಡಿಸಿದ ಪುಟ್ಟ ದೂರದರ್ಶಕ) ಮಧ್ಯಕ್ಕೆ ಗುರಿಯಿಟ್ಟು 25 ಮಿ.ಮೀ. ಐಪೀಸಿನಲ್ಲಿ ನೋಡಿದರೆ ಕತ್ತಲ ಊರಿನಲ್ಲಿ ಎರಡು ಮಸುಕುಗಳು ಸಿಗಬೇಕು: ಕದಿರಿನಂತೆ ಉದ್ದವಾದ ಎನ್‌ಜಿಸಿ 3190, ಅದರ ಈಶಾನ್ಯಕ್ಕೆ ಐದಾರು ಆರ್ಕ್‌ಮಿನಿಟ್ ದೂರದಲ್ಲಿ ಗುಂಡಗಿನ 3193. ಇವೆರಡೂ ಸಿಕ್ಕ ಮೇಲೆ 10 ಮಿ.ಮೀ. ಹಾಕಿ ನೈರುತ್ಯಕ್ಕೆ ಸರಿಯಿರಿ, 12ರ ಕಾಂತಿಮಾನದ 3185 ಓರೆನೋಟಕ್ಕೆ (ವಸ್ತುವಿನ ಪಕ್ಕಕ್ಕೆ ದೃಷ್ಟಿ ನೆಟ್ಟು ಕಣ್ಣಂಚಿನಿಂದ ನೋಡುವುದು) ಬರುತ್ತದೆ. ನಾಲ್ಕನೆಯದಾದ 3187, ತಿರುಚಿದ ಎರಡು ತೋಳುಗಳ ತೆಳು ಗ್ಯಾಲಕ್ಸಿ, 8 ಇಂಚಿಗೆ ಕಷ್ಟಸಾಧ್ಯ. ಮೂರು ಸಿಕ್ಕರೆ ಒಳ್ಳೆಯ ರಾತ್ರಿ.

ಮಸುಕು ವಸ್ತುವಿಗೆ ಕಡಿಮೆ ವರ್ಧನೆಯೇ ಸರಿ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅಗಲವಾದ ನೆಬ್ಯುಲಾಗಳಿಗೆ ಅದು ಸರಿ, ಪುಟ್ಟ ಗ್ಯಾಲಕ್ಸಿಗಳಿಗೆ ಅಲ್ಲ. ವರ್ಧನೆ ಏರಿಸಿದಾಗ ಗ್ಯಾಲಕ್ಸಿಯೂ ಹಿನ್ನೆಲೆಯೂ ಒಂದೇ ಪ್ರಮಾಣದಲ್ಲಿ ಮಂಕಾಗುತ್ತವೆ, ಅವುಗಳ ನಡುವಿನ ಅನುಪಾತ ಹಾಗೇ ಉಳಿಯುತ್ತದೆ. ಆದರೆ ಮಸುಕಾದ ಕಲೆ ದೊಡ್ಡದಾದಷ್ಟೂ ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದನ್ನು ಹಿಡಿಯುವುದು ಸುಲಭ. ಒಂದು ಆರ್ಕ್‌ಮಿನಿಟ್ ಅಗಲದ ಗ್ಯಾಲಕ್ಸಿ 25 ಮಿ.ಮೀ. ಐಪೀಸಿನಲ್ಲಿ (48 ಪಟ್ಟು) ಬರಿಗಣ್ಣಿನ ಚಂದ್ರನ ಸುಮಾರು ಒಂದೂವರೆ ಪಟ್ಟು ಅಗಲ, 7 ಮಿ.ಮೀ.ನಲ್ಲಿ (171 ಪಟ್ಟು) ಐದೂವರೆ ಚಂದ್ರರಷ್ಟು ಅಗಲ. ಹುಡುಕಲು 25, ನೋಡಲು 10 ಅಥವಾ 7. 171 ಪಟ್ಟಿನಲ್ಲಿ ವಸ್ತು ವೃತ್ತದ ಒಂದಂಚಿನಿಂದ ಇನ್ನೊಂದಂಚಿಗೆ ಸುಮಾರು ಒಂದೂವರೆ ನಿಮಿಷದಲ್ಲಿ ಸರಿದುಹೋಗುತ್ತದೆ, ಹಾಗಾಗಿ ಮೊದಲೇ ಪೂರ್ವದ ಅಂಚಿನಲ್ಲಿಟ್ಟು ಕೈ ತೆಗೆದು, ಅದು ತಾನಾಗಿ ತೇಲಿ ಬರಲು ಬಿಡುವುದು ಉತ್ತಮ. ಚಲಿಸುವ ಮಸುಕನ್ನು ಕಣ್ಣು ಬೇಗ ಹಿಡಿಯುತ್ತದೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುವುದರ ಗುಟ್ಟೂ ಅದೇ.

ಓರೆನೋಟದಲ್ಲೂ ಒಂದು ಸೂಕ್ಷ್ಮವಿದೆ. ಬಲಗಣ್ಣಿನಿಂದ ನೋಡುವವರು ವಸ್ತುವಿನ ಬಲಕ್ಕೆ ದೃಷ್ಟಿ ನೆಡಬೇಕು, ಆಗ ವಸ್ತು ಮೂಗಿನ ಕಡೆಗೆ ಬೀಳುತ್ತದೆ. ಎಡಕ್ಕೆ ನೆಟ್ಟರೆ ಅದು ಕಿವಿಯ ಕಡೆಗೆ ಬಂದು, ಸುಮಾರು 15 ಡಿಗ್ರಿಯಲ್ಲಿರುವ ಕುರುಡು ಚುಕ್ಕೆಯೊಳಗೆ ಮಾಯವಾಗಬಹುದು. ಎಡಗಣ್ಣಿಗೆ ಇದರ ತದ್ವಿರುದ್ಧ. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು, ಮೊಬೈಲ್ ಪರದೆ ಒಂದೇ ಕ್ಷಣದಲ್ಲಿ ಅದನ್ನು ಕೆಡಿಸುತ್ತದೆ. ಆ್ಯಪ್‌ನ ಕೆಂಪು ಮೋಡ್ ಕೂಡ ಸಾಕಾಗುವುದಿಲ್ಲ, ಪರದೆಯ ಮೇಲೆ ಕೆಂಪು ಜಿಲೆಟಿನ್ ಹಾಳೆ ಅಂಟಿಸಿ, ಇಲ್ಲವೇ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಹೋಗಿ. ನಕ್ಷೆಯನ್ನು ತಲೆಕೆಳಗಾಗಿ ಹಿಡಿಯಬೇಕು, ಏಕೆಂದರೆ ನಿಮ್ಮ ಟೆಲಿಸ್ಕೋಪ್ ಚಿತ್ರವನ್ನು 180 ಡಿಗ್ರಿ ತಿರುಗಿಸುತ್ತದೆ.

ಹೊರಡುವ ಮುನ್ನ ಕಾಲಿಮೇಶನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ನೋಡಿಕೊಳ್ಳಿ. ನಕ್ಷತ್ರದ ಮೇಲೆ ಪರೀಕ್ಷಿಸುವಾಗ ಧ್ರುವ ನಕ್ಷತ್ರವನ್ನು ಬಳಸಿ ಎಂದು ಹೊರದೇಶದ ಕೈಪಿಡಿಗಳು ಹೇಳುತ್ತವೆ. ಇಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲಷ್ಟೇ, ಧೂಳಿನಲ್ಲಿ ನಡುಗುತ್ತಿರುತ್ತದೆ. ಎತ್ತರದಲ್ಲಿರುವ ಯಾವುದಾದರೂ ನಕ್ಷತ್ರ ಸಾಕು. ಡಿಸೆಂಬರ್‌ನಲ್ಲಿ ಇಬ್ಬನಿ ಬೀಳುತ್ತದೆ, ಮೊದಲು ಮಂಜಾಗುವುದು ಫೈಂಡರ್, ಆಮೇಲೆ ಐಪೀಸ್. ಹಳೆಯ ಯೋಗ ಮ್ಯಾಟನ್ನು ಕೊಳವೆಯ ಬಾಯಿಗೆ ಒಂದಡಿ ಉದ್ದ ಸುತ್ತಿದರೆ ಒಳಗಿನ ಕನ್ನಡಿಗೆ ರಕ್ಷಣೆ.

ಈಗ ಪಂಚಕ. ಪೂರ್ವಾಭಾದ್ರಾದ ಎರಡು ನಕ್ಷತ್ರಗಳಲ್ಲಿ ಉತ್ತರದ್ದು ಶಿಯಾಟ್. ಅದರಿಂದ ವಾಯವ್ಯಕ್ಕೆ ಐದು ಡಿಗ್ರಿ ದೂರದಲ್ಲಿ ಈಟಾ ಪೆಗಾಸಿ ನಕ್ಷತ್ರ, ಅಲ್ಲಿಂದ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ, ನಾಲ್ಕು ಡಿಗ್ರಿ ಸರಿದರೆ ಎನ್‌ಜಿಸಿ 7331. ಕಾಂತಿಮಾನ 9.5ರ, ನಡುವೆ ಬೆಳಗುವ ಉದ್ದನೆಯ ಗ್ಯಾಲಕ್ಸಿ ಇದು. ನಿಮ್ಮ ಆ ರಾತ್ರಿಯ ಪರೀಕ್ಷೆಯೂ ಇದೇ. 7331 ನೇರ ನೋಟಕ್ಕೇ ಸಲೀಸಾಗಿ, ಉದ್ದವಾಗಿ ಕಾಣಬೇಕು. ಅದಕ್ಕೇ ಓರೆನೋಟ ಬೇಕಾಯಿತೆಂದರೆ ಆಕಾಶ ಸರಿಯಿಲ್ಲ, ಪಂಚಕವನ್ನು ಅವತ್ತಿಗೆ ಬಿಟ್ಟುಬಿಡಿ. ಕಂಡರೆ, ಅದರಿಂದ ನೈರುತ್ಯಕ್ಕಿಂತ ತುಸು ದಕ್ಷಿಣಕ್ಕೆ ಅರ್ಧ ಡಿಗ್ರಿಯಲ್ಲಿದೆ ಪಂಚಕ. 25 ಮಿ.ಮೀ. ಐಪೀಸಿನ ಒಂದೇ ವೃತ್ತದಲ್ಲಿ ಎರಡೂ ಹಿಡಿಯುತ್ತವೆ.

ಕಾಣುವುದೇನು? ಕತ್ತಲ ಊರಿನಲ್ಲಿ 8 ಇಂಚಿಗೆ ಮೊದಲು ಸಿಗುವುದು ಆಕಾರವಿಲ್ಲದ ಒಂದು ಮಬ್ಬು. 120 ಪಟ್ಟಿನಲ್ಲಿ (10 ಮಿ.ಮೀ. ಐಪೀಸ್) ಹತ್ತು ನಿಮಿಷ ಬಿಡದೆ ನೋಡಿದರೆ ಅದು ಎರಡಾಗಿ ಒಡೆಯಬಹುದು: 7320 ಒಂದು ಕಡೆ, ಒಂದಕ್ಕೊಂದು ಅಂಟಿಕೊಂಡ 7318ರ ಜೋಡಿ ಒಟ್ಟಾಗಿ ಇನ್ನೊಂದು ಕಡೆ. 7317 ಪುಟ್ಟದು, ಬಂದರೆ ಬಂತು. 7319 ಎಲ್ಲಕ್ಕಿಂತ ತೆಳು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಐದನ್ನೂ ಬಿಡಿಬಿಡಿಯಾಗಿ ನೋಡಲು ಕತ್ತಲ ಆಕಾಶದ ಜೊತೆಗೆ 12ರಿಂದ 16 ಇಂಚು ಬೇಕು. ವೆಬ್‌ನ ಬಣ್ಣಗಳಂತೂ ಯಾವ ಟೆಲಿಸ್ಕೋಪಿನಲ್ಲೂ ಕಣ್ಣಿಗೆ ಕಾಣುವುದಿಲ್ಲ. ಅದು 6.5 ಮೀಟರ್ ಕನ್ನಡಿ ಹಿಡಿದ ಅವಕೆಂಪು ಬೆಳಕಿಗೆ ಕೊಟ್ಟ ಬಣ್ಣ. ಅಂದಹಾಗೆ, 1877ರಲ್ಲಿ ಮಾರ್ಸೇಯಲ್ಲಿ ಇದನ್ನು ಕಂಡ ಎದುವಾರ್ ಸ್ಟೆಫಾನ್ ಅವರಿಗೂ, ನಿಮಗೂ ಸುಲಭವಾಗಿ ಸಿಗುವ 7320 ಆ ಗುಂಪಿಗೆ ಸೇರಿದ್ದೇ ಅಲ್ಲ. ಅದು ಸುಮಾರು 4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಅಡ್ಡ ನಿಂತಿದೆ, ಉಳಿದ ನಾಲ್ಕು ಸುಮಾರು 29 ಕೋಟಿ ಜ್ಯೋತಿರ್ವರ್ಷ ಆಚೆ.

ಆಸೆ ಕಣ್ಣಿಗೆ ಮೋಸ ಮಾಡುತ್ತದೆ, ಇಲ್ಲದ ಮಬ್ಬನ್ನೂ ಕಾಣಿಸುತ್ತದೆ. ಅದಕ್ಕೆ ಮದ್ದು ಪೆನ್ಸಿಲ್. ಮೊದಲು ಸುತ್ತಲಿನ ನಕ್ಷತ್ರಗಳನ್ನು ಬರೆದು, ಮಬ್ಬು ಕಂಡ ಜಾಗವನ್ನು ಗುರುತು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಅದೇ ಜಾಗದಲ್ಲಿ ಮೂರು ಸಲ ಕಂಡರೆ ಮಾತ್ರ ನಕ್ಷೆಯ ಜೊತೆ ಹೋಲಿಸಿ.

ಎಲ್ಲಿಗೆ ಹೋಗುವುದು ಎಂಬುದು ನಿಮ್ಮ ನಿಜವಾದ ಖರ್ಚು. ನಂದಿ ಬೆಟ್ಟ ಬೇಡ, ರಾತ್ರಿ ಒಳಗೆ ಬಿಡುವುದಿಲ್ಲ, ಸುತ್ತ ವಿಮಾನ ನಿಲ್ದಾಣದ್ದೂ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳದ್ದೂ ಬೆಳಕು. ಪಂಚಕ ನೆತ್ತಿಯಿಂದ ಉತ್ತರಕ್ಕಿರುವುದರಿಂದ ನಗರದ ಉತ್ತರದ ಊರುಗಳು ಮೇಲು, ಏಕೆಂದರೆ ಬೆಂಗಳೂರಿನ ಬೆಳಕು ನಿಮ್ಮ ಬೆನ್ನ ಹಿಂದೆ ಉಳಿಯುತ್ತದೆ. ಮಧುಗಿರಿ ದಾಟಿ ಪಾವಗಡದ ಕಡೆಗೆ ಹೋದಷ್ಟೂ ಆಕಾಶ ಕಪ್ಪಾಗುತ್ತದೆ, ಮಳೆಯೂ ಕಡಿಮೆ ಸೀಮೆ. ಕನಕಪುರದಾಚೆಗೂ ಕತ್ತಲಿದೆ, ಆದರೆ ಆನೆ ಓಡಾಡುವ ಕಾಡಂಚು, ರಾತ್ರಿ ರಸ್ತೆ ಬದಿ ನಿಲ್ಲುವುದು ಬೇಡ. ಪರಿಚಯದವರ ತೋಟವೋ ಹೊಲವೋ ಆದರೆ ಒಳ್ಳೆಯದು. ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ, ಕತ್ತಲಲ್ಲಿ ಕೆಂಪು ಟಾರ್ಚ್ ಹಿಡಿದು ನಾಲ್ಕಡಿ ಕೊಳವೆ ತಿರುಗಿಸುವವರನ್ನು ಕಂಡು ಊರವರಿಗೆ ಅನುಮಾನ ಬರುವುದು ಸಹಜ. ಕೆರೆ ಏರಿ ಬೇಡ, ಇಬ್ಬನಿ ಹೆಚ್ಚು, ಹಾವಿನ ಭಯವೂ ಇದೆ. ನಿಮ್ಮ ಎಂಟಿಂಚಿನ ಕೊಳವೆ ಸಾಮಾನ್ಯ ಕಾರಿನ ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಮಲಗುತ್ತದೆ. 12 ಇಂಚಿನದಕ್ಕೆ ಎರಡು ಜನ ಬೇಕು. ಹೊತ್ತುಕೊಂಡು ಹೋಗಲಾರದ ದೊಡ್ಡ ಟೆಲಿಸ್ಕೋಪ್ ತಾರಸಿಯಲ್ಲೇ ಉಳಿದು, ನಾನು ಮೊದಲು ಹೇಳಿದ ಶೇ. 2ರ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ವಿಜಯನಗರ ಬಿಟ್ಟು ಹೋಗಲು ಸಾಧ್ಯವೇ ಇಲ್ಲವೆಂದಾದರೆ ಸ್ಮಾರ್ಟ್ ಟೆಲಿಸ್ಕೋಪಿಗೆ ಅರ್ಥವಿದೆ. ಅದು ನೂರಾರು ಚಿತ್ರಗಳನ್ನು ಕೂಡಿಸಿ, ಹಿನ್ನೆಲೆಯನ್ನು ಕಳೆದು, ಆ ಶೇ. 2ನ್ನು ಹೊರಗೆಳೆಯುತ್ತದೆ. ಎರಡು ಗಂಟೆ ಬಿಟ್ಟರೆ ತಾರಸಿಯಿಂದಲೂ ಪಂಚಕ ಪರದೆಯ ಮೇಲೆ ಮೂಡುತ್ತದೆ. ಕೊಳ್ಳುವ ಮುನ್ನ ಒಂದು ಲೆಕ್ಕ ಮಾಡಿ. 250 ಮಿ.ಮೀ. ಫೋಕಲ್ ಲೆಂತ್, 2.9 ಮೈಕ್ರಾನ್ ಪಿಕ್ಸೆಲ್‌ನ ಉಪಕರಣದಲ್ಲಿ ಒಂದು ಪಿಕ್ಸೆಲ್ 2.4 ಆರ್ಕ್‌ಸೆಕೆಂಡ್, ಒಂದು ಆರ್ಕ್‌ಮಿನಿಟ್‌ನ ಗ್ಯಾಲಕ್ಸಿ ಅಂದರೆ 25 ಪಿಕ್ಸೆಲ್. ಇಡೀ ಪಂಚಕ 100 ಪಿಕ್ಸೆಲ್ ಅಗಲದ ಒಂದು ಮೂಲೆಯಲ್ಲಿ ಕೂರುತ್ತದೆ. ಸಿಂಹದ ಗುಂಪು ಅಗಲವಾಗಿರುವುದರಿಂದ ಇದರಲ್ಲೂ ಚೆನ್ನಾಗಿ ಬರುತ್ತದೆ. ಒಳಗೆ ನೆಬ್ಯುಲಾ ಫಿಲ್ಟರ್ ಇದ್ದರೆ ಗ್ಯಾಲಕ್ಸಿಗೆ ಅದನ್ನು ಆಫ್ ಮಾಡಬೇಕು. ಆದರೆ ನೀವು ಬರೆದಿದ್ದು ‘ನನ್ನ ಕಣ್ಣಿನಿಂದಲೇ’ ಎಂದು, ಅದನ್ನು ಇದು ಕೊಡುವುದಿಲ್ಲ.

ಹಣ ಹಾಕಲೇಬೇಕೆಂದಿದ್ದರೆ ಎರಡು ವಸ್ತುಗಳಿಗೆ ಹಾಕಿ: 9×50ರ (9 ಪಟ್ಟು ವರ್ಧನೆ, 50 ಮಿ.ಮೀ. ಮಸೂರ), ನೆಟ್ಟಗಿನ ಚಿತ್ರ ತೋರಿಸುವ, ಮೇಲಿನಿಂದ ಬಗ್ಗಿ ನೋಡುವ ಫೈಂಡರ್, ಮತ್ತು ಒಂದು 7 ಮಿ.ಮೀ. ಐಪೀಸ್. ನೆತ್ತಿಯ ಬಳಿಯ ವಸ್ತುವಿಗೆ ನೇರ ಫೈಂಡರ್‌ನಲ್ಲಿ ಕತ್ತು ಹೊರಳಿಸಿ ಹುಡುಕುವುದೇ ಅರ್ಧ ಜನ 7331ಕ್ಕೂ ಮುಟ್ಟದೆ ಕೈಚೆಲ್ಲಲು ಕಾರಣ.